ಎರಡೇ ಪೋರ್ಟು, ಹತ್ತು ಸೈಟು

"ಸರ್, ರೌಟರ್‌ನಲ್ಲಿ ಪೋರ್ಟ್ ಖಾಲಿ ಇಲ್ವಂತೆ. ಇನ್ನೊಂದು ಲೈನ್ ಎಳೆಸೋದಾ?"

ಚಿಕ್ಕಮಗಳೂರಿನ ಆಸುಪಾಸಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನ್ನಂಥವರಿಗೆ ಈ ಪ್ರಶ್ನೆ ವರ್ಷವಿಡೀ ಬರುತ್ತದೆ. ಕೇಳುವವರು ಹೆಚ್ಚಾಗಿ ತೋಟದವರು. ತೋಟದ ಜೊತೆಗೆ ಒಂದು ಹೋಮ್‌ಸ್ಟೇ, ಅದರ ಜೊತೆಗೆ ಕಾಫಿಪುಡಿ ಮಾರುವ ಆನ್‌ಲೈನ್ ಅಂಗಡಿ, ಇವುಗಳ ಹಿಂದೆ ಹಾಜರಿ ಮತ್ತು ಬಟವಾಡೆಯ ಸಾಫ್ಟ್‌ವೇರ್. ಎಲ್ಲವೂ ಆಫೀಸಿನ ಮೂಲೆಯಲ್ಲಿ ಕೂತ ಒಂದೇ ಯಂತ್ರದಲ್ಲಿ. ಇಲ್ಲಿ ಪೋರ್ಟ್ ಅಂದರೆ ತಂತಿ ಚುಚ್ಚುವ ತೂತಲ್ಲ, ಒಂದೇ ವಿಳಾಸಕ್ಕೆ ಬಂದವರನ್ನು ಬೇರೆ ಬೇರೆ ಪ್ರೋಗ್ರಾಂಗೆ ಕಳಿಸುವ ಬಾಗಿಲ ಸಂಖ್ಯೆ. ರೌಟರ್‌ನ ಸೆಟ್ಟಿಂಗ್ ತೆರೆದು ನೋಡಿದರೆ 80ನೇ ಪೋರ್ಟನ್ನು ಸಿಸಿಟಿವಿ ಹಾಕಿದವರು ಡಿವಿಆರ್‌ಗೆ, ಅಂದರೆ ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆಗೆ, ಕೊಟ್ಟು ಹೋಗಿರುತ್ತಾರೆ. ಹೋಮ್‌ಸ್ಟೇಗೆ 8080, ಅಂಗಡಿಗೆ 8081, ಹಾಜರಿಗೆ 8082. ವಿಸಿಟಿಂಗ್ ಕಾರ್ಡಿನಲ್ಲೂ ವೆಬ್ ವಿಳಾಸದ ಬಾಲಕ್ಕೆ ಆ ನಾಲ್ಕಂಕಿ ಅಂಟಿಕೊಂಡಿರುತ್ತದೆ.

ಹೀಗೆ ಮಾಡಿದರೆ ಸೈಟು ತೆರೆಯುವುದಿಲ್ಲವೆಂದಲ್ಲ, ಮಾಲೀಕರ ಫೋನಿನಲ್ಲಿ ತೆರೆಯುತ್ತದೆ. ತೊಂದರೆ ಇರುವುದು ಬೆಂಗಳೂರಿನ ಆಫೀಸಿನಲ್ಲಿ ಕೂತು ವಾರಾಂತ್ಯಕ್ಕೆ ರೂಮು ಹುಡುಕುವವರಿಗೆ. ಎಷ್ಟೋ ಕಂಪನಿಗಳ ಫೈರ್‌ವಾಲ್ ಹೊರಗೆ ಹೋಗಲು 80 ಮತ್ತು 443 ಬಿಟ್ಟು ಬೇರೆ ಪೋರ್ಟಿಗೆ ಬಿಡುವುದಿಲ್ಲ. ಪುಟ ತೆರೆಯಲಿಲ್ಲ ಅಂತ ಅವರು ನಿಮಗೆ ಫೋನು ಮಾಡಿ ಹೇಳುವುದೂ ಇಲ್ಲ, ಪಕ್ಕದ ಹೋಮ್‌ಸ್ಟೇ ಬುಕ್ ಮಾಡುತ್ತಾರೆ.

ಪೋರ್ಟಿಗೆ ಬರ ಬಂದಿದೆ ಎನ್ನುವುದೇ ತಪ್ಪು ತಿಳಿವಳಿಕೆ. ಪೋರ್ಟ್ ಸಂಖ್ಯೆ 16 ಬಿಟ್‌ನದು, 0ಯಿಂದ 65,535ರವರೆಗೆ ಇದೆ. ಆದರೆ ಬ್ರೌಸರ್ ತಾನಾಗಿ ಹೋಗುವುದು ಎರಡೇ ಕಡೆ: ಮಾಮೂಲಿ ಎಚ್‌ಟಿಟಿಪಿ ಆದರೆ 80, ಗುಪ್ತ ಸಂಪರ್ಕದ ಎಚ್‌ಟಿಟಿಪಿಎಸ್ ಆದರೆ 443. ಒಂದು ಐಪಿ ವಿಳಾಸದ (ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಒಂದು ಪೋರ್ಟಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರೋಗ್ರಾಂ ಕಿವಿಗೊಟ್ಟು ಕೂರಬಹುದು. ಎರಡನೆಯದನ್ನು ಕೂರಿಸಲು ಹೋದರೆ "ವಿಳಾಸ ಆಗಲೇ ಬಳಕೆಯಲ್ಲಿದೆ" ಅಂತ ಎಡವಿ ನಿಲ್ಲುತ್ತದೆ. ರೌಟರ್‌ನ ಪೋರ್ಟ್ ಫಾರ್ವರ್ಡಿಂಗ್‌ಗೂ ಇದೇ ಕಟ್ಟುಪಾಡು. ಹೊರಗಿನ 443 ಒಳಗಿನ ಒಂದೇ ಯಂತ್ರಕ್ಕೆ ಹೋಗುತ್ತದೆ. ಇಲ್ಲಿಗೆ ಬಂದು ಜನ ಇನ್ನೊಂದು ಲೈನ್ ಕೇಳುತ್ತಾರೆ. ಲೈನೂ ಬೇಡ, ಹೊಸ ಪೋರ್ಟೂ ಬೇಡ. ಸೈಟುಗಳನ್ನು ಬೇರೆ ಮಾಡುವುದು ಹೆಸರಿನ ಕೆಲಸ.

ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಬರುವ ಕಾಗದ ನೆನಪಿಸಿಕೊಳ್ಳಿ. ಪೋಸ್ಟ್‌ಮ್ಯಾನ್ ಒಂದೊಂದು ಮನೆ ಹುಡುಕಿಕೊಂಡು ಗುಡ್ಡ ಹತ್ತುವುದಿಲ್ಲ, ಎಲ್ಲವನ್ನೂ ಎಸ್ಟೇಟ್ ಆಫೀಸಿನಲ್ಲಿ ಕೊಟ್ಟು ಹೋಗುತ್ತಾನೆ. ಲಕೋಟೆ ಮೇಲಿನ ಹೆಸರು ನೋಡಿ ಅಲ್ಲಿನ ಗುಮಾಸ್ತ, ಅಂದರೆ ರೈಟರ್, ಹಂಚುತ್ತಾರೆ. ವೆಬ್‌ನಲ್ಲೂ ಹೀಗೆಯೇ. ಬ್ರೌಸರ್ ಪ್ರತಿ ಕೋರಿಕೆಯೊಳಗೂ ತನಗೆ ಯಾವ ಸೈಟು ಬೇಕೆಂದು ಹೋಸ್ಟ್ ಎಂಬ ಸಾಲಿನಲ್ಲಿ ಬರೆದಿರುತ್ತದೆ. 1996ರ ಎಚ್‌ಟಿಟಿಪಿ 1.0ರಲ್ಲಿ ಈ ಸಾಲು ಕಡ್ಡಾಯವಿರಲಿಲ್ಲ, ಹಾಗಾಗಿ ಒಂದು ಸೈಟಿಗೆ ಒಂದು ಐಪಿ ಕೊಡುವುದೇ ರೂಢಿಯಾಗಿತ್ತು. 1997ರಲ್ಲಿ ಬಂದ 1.1 ಅದನ್ನು ಕಡ್ಡಾಯ ಮಾಡಿತು. ಈಗ ಆ ಸಾಲಿಲ್ಲದ ಕೋರಿಕೆಗೆ ಸರ್ವರ್ 400 ಎಂಬ ತಪ್ಪಿನ ಉತ್ತರ ಕೊಡಬೇಕು.

ಎಚ್‌ಟಿಟಿಪಿಎಸ್ ಬಂದಾಗ ಒಂದು ತೊಡಕಾಯಿತು. ಹೆಸರು ಲಕೋಟೆಯ ಒಳಗೆ ಸೇರಿತು. ಲಕೋಟೆ ಬಿಚ್ಚಬೇಕಾದರೆ ಆ ಸೈಟಿನ ಗುರುತುಚೀಟಿಯಾದ ಸರ್ಟಿಫಿಕೇಟ್ ಬೇಕು, ಯಾವ ಸರ್ಟಿಫಿಕೇಟ್ ಅಂತ ತಿಳಿಯಬೇಕಾದರೆ ಹೆಸರು ಬೇಕು. ಇದಕ್ಕೆ 2003ರಲ್ಲಿ ಸಿಕ್ಕ ಪರಿಹಾರ ಎಸ್‌ಎನ್‌ಐ. ಬ್ರೌಸರ್ ಗುಪ್ತ ಸಂಪರ್ಕ ಶುರುಮಾಡುವ ಮೊದಲ ಮಾತಿನಲ್ಲೇ ಹೆಸರನ್ನು ತೆರೆದಿಟ್ಟು ಹೇಳುತ್ತದೆ. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇದು ಗೊತ್ತಿರಲಿಲ್ಲವಾದ್ದರಿಂದ ಬಹಳ ವರ್ಷ ಜನ ಹಿಂದೆಮುಂದೆ ನೋಡಿದರು. ಈಗ ಆ ಚಿಂತೆ ಬೇಕಿಲ್ಲ. ಎಕ್ಸ್‌ಪಿಯಲ್ಲಿ ಯಾರಾದರೂ ರೂಮು ಬುಕ್ ಮಾಡುತ್ತಿದ್ದರೆ ಅವರಿಗೆ ಒಂದು ದಿನ ಬಿಟ್ಟಿ ಊಟ ಹಾಕಬಹುದು.

ಮಾಡಬೇಕಾದದ್ದು ಇಷ್ಟು. 80 ಮತ್ತು 443 ಎರಡನ್ನೂ ಒಬ್ಬನೇ ಕಾವಲುಗಾರನಿಗೆ ಒಪ್ಪಿಸಿ. ರೈಟರ್‌ನಂತೆ ಹೆಸರು ನೋಡಿ ಕೋರಿಕೆಯನ್ನು ಒಳಗಿನ ಸರಿಯಾದ ಸೈಟಿಗೆ ದಾಟಿಸುವ ಈ ಪ್ರೋಗ್ರಾಂಗೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ಎಂಜಿನ್‌ಎಕ್ಸ್ ಆಗಬಹುದು, ಕ್ಯಾಡಿ ಆಗಬಹುದು. ಸರ್ಟಿಫಿಕೇಟಿನ ಗೋಜು ತಾನೇ ನೋಡಿಕೊಳ್ಳುವುದರಿಂದ ಹೊಸಬರಿಗೆ ನಾನು ಕ್ಯಾಡಿ ಹೇಳುತ್ತೇನೆ, ನನ್ನ ಕೈ ಮಾತ್ರ ಎಂಜಿನ್‌ಎಕ್ಸ್‌ಗೆ ಕೂತುಬಿಟ್ಟಿದೆ. ಹೋಮ್‌ಸ್ಟೇ, ಅಂಗಡಿ, ಹಾಜರಿ ಮೂರೂ ಒಳಗೆ 3001, 3002, 3003 ಅಂತ ಯಾವ ಪೋರ್ಟಿನಲ್ಲಾದರೂ ಓಡಲಿ, ಆದರೆ 127.0.0.1 ಎಂಬ ಒಳವಿಳಾಸಕ್ಕೆ ಮಾತ್ರ ಕಟ್ಟಿಕೊಂಡಿರಲಿ. ಆಗ ಅವು ಹೊರಗಿನವರ ಕಣ್ಣಿಗೇ ಬೀಳುವುದಿಲ್ಲ. ಡಾಕರ್ (ಪ್ರತಿ ಪ್ರೋಗ್ರಾಮನ್ನು ಕಂಟೇನರ್ ಎಂಬ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಫ್ಟ್‌ವೇರ್) ಬಳಸುವವರು ಇಲ್ಲಿ ಎಚ್ಚರವಾಗಿರಬೇಕು. ಬರೀ ಪೋರ್ಟ್ ಸಂಖ್ಯೆ ಬರೆದು ಕಂಟೇನರ್ ತೆರೆದರೆ ಅದು ಎಲ್ಲ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ, ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ನಿಯಮಗಳನ್ನೂ ದಾಟಿಕೊಂಡು. ಡೇಟಾಬೇಸನ್ನು ಹೀಗೆ ಊರಿಗೆಲ್ಲ ತೆರೆದಿಟ್ಟವರನ್ನು ಕಂಡಿದ್ದೇನೆ. ಸಂಖ್ಯೆಗೆ ಮೊದಲು ಆ ಒಳವಿಳಾಸ ಬರೆಯುವುದನ್ನು ಮರೆಯಬೇಡಿ.

ಹೆಸರು ಹೇಳದೆ ಬಂದವರಿಗೆ, ಅಥವಾ ನಿಮ್ಮದಲ್ಲದ ಹೆಸರು ಹೇಳಿಕೊಂಡು ಬಂದವರಿಗೆ ಯಾವ ಸೈಟು ತೋರಿಸಬೇಕು? ನೀವು ಏನೂ ಹೇಳದಿದ್ದರೆ ಎಂಜಿನ್‌ಎಕ್ಸ್ ಆ ಪೋರ್ಟಿನಲ್ಲಿ ಮೊದಲು ಬರೆದ ಸೈಟನ್ನು ಕೊಟ್ಟುಬಿಡುತ್ತದೆ. ಐಪಿ ಹೊಡೆದು ನೋಡಿದವನಿಗೆ ಹಾಜರಿ ಸಾಫ್ಟ್‌ವೇರಿನ ಲಾಗಿನ್ ಪುಟ ಸಿಗುವುದು ಹೀಗೆ. ಆದ್ದರಿಂದ ಎಂಜಿನ್‌ಎಕ್ಸ್‌ನ ಸೆಟ್ಟಿಂಗ್ ಫೈಲಿನಲ್ಲಿ ಎಲ್ಲಕ್ಕಿಂತ ಮೊದಲು ಇಂಥವರಿಗೆಂದೇ ಒಂದು ಖಾಲಿ ಡಿಫಾಲ್ಟ್ ಬ್ಲಾಕ್ ಬರೆಯಿರಿ. 80ರಲ್ಲಿ ಅದು 444 ಹೇಳಲಿ, ಅಂದರೆ ಉತ್ತರವನ್ನೇ ಕೊಡದೆ ಸಂಪರ್ಕ ಕಡಿಯಲಿ. 443ರಲ್ಲಿ ಗುಪ್ತ ಸಂಪರ್ಕ ಶುರುವಾಗುವ ಮುನ್ನ ಕೈಕುಲುಕುವುದನ್ನೇ ನಿರಾಕರಿಸುವ ಸೌಲಭ್ಯ 2020ರಿಂದ ಇದೆ. ಪ್ರತಿ ಸೈಟಿಗೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಬರೆಯಬೇಕು. 'ಭಾರತ' ಎಂದು ಕೊನೆಯಾಗುವ ಕನ್ನಡ ಡೊಮೈನ್ ತಗೊಂಡಿದ್ದರೆ ಎಂಜಿನ್‌ಎಕ್ಸ್‌ನಲ್ಲಿ ಅದನ್ನು ಕನ್ನಡದಲ್ಲಿ ಬರೆದರೆ ಸಾಲದು. ಬ್ರೌಸರ್ ಅದನ್ನು ಪ್ಯೂನಿಕೋಡ್‌ಗೆ ತಿರುಗಿಸಿ ಕಳಿಸುತ್ತದೆ, ಹೋಸ್ಟ್ ಸಾಲಿನಲ್ಲಿ ಬರುವುದು ಇಂಗ್ಲಿಷ್ ಅಕ್ಷರಗಳ ಆ ರೂಪ. ಅದನ್ನೇ ಬರೆಯಬೇಕು.

ಇನ್ನೆರಡು ಸಣ್ಣ ತಲೆನೋವು. ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರಿನಲ್ಲಿ ಕಟ್ಟಿದ ಸೈಟನ್ನು ಪ್ರಾಕ್ಸಿ ಹಿಂದೆ ಕೂರಿಸಿದ ತಕ್ಷಣ ಅದು ತನ್ನಲ್ಲಿಗೇ ತನ್ನನ್ನು ಕಳಿಸಿಕೊಳ್ಳುತ್ತಾ ಸುತ್ತತೊಡಗಿದರೆ, ಹೊರಗೆ ಎಚ್‌ಟಿಟಿಪಿಎಸ್ ಇದೆಯೆಂಬ ಸುದ್ದಿ ಒಳಗಿನವನಿಗೆ ಮುಟ್ಟಿಲ್ಲ ಎಂದರ್ಥ. ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಎಂಬ ಸಾಲನ್ನು ಪ್ರಾಕ್ಸಿ ಕಳಿಸಬೇಕು, ವರ್ಡ್‌ಪ್ರೆಸ್ ಅದನ್ನು ನೋಡುವಂತೆ ಹೇಳಬೇಕು. ರೂಮಿನ ಫೋಟೋ ಏರಿಸುವಾಗ 413, ಅಂದರೆ ಕಳಿಸಿದ್ದು ತೀರಾ ದೊಡ್ಡದು ಎಂಬ ತಪ್ಪು, ಬಂದರೆ ಎಂಜಿನ್‌ಎಕ್ಸ್‌ನ ಮಿತಿ ಮೂಲದಲ್ಲಿ 1 ಎಂಬಿ ಮಾತ್ರ ಎಂಬುದು ನೆನಪಿರಲಿ. ಈಗಿನ ಫೋನಿನ ಒಂದು ಫೋಟೋ ಅದನ್ನು ಆರಾಮಾಗಿ ದಾಟುತ್ತದೆ.

ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುತ್ತಿದೆ. ಆದರೆ ನವೀಕರಣ ತಾನಾಗಿ ನಡೆಯುವಂತೆ ಇರಲೇಬೇಕು. ವರ್ಷಕ್ಕೊಮ್ಮೆ ಕೈಯಾರೆ ಹಾಕುತ್ತೇನೆ ಎನ್ನುವವರ ಕಾಲ ಮುಗಿಯಿತು. ಯಾವ ಸಂಸ್ಥೆಯಿಂದ ಕೊಂಡರೂ ಸರ್ಟಿಫಿಕೇಟಿನ ಗರಿಷ್ಠ ಆಯುಸ್ಸು 2029ರ ಮಾರ್ಚ್‌ಗೆ 47 ದಿನಕ್ಕೆ ಇಳಿಯಬೇಕೆಂದು ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ 2025ರಲ್ಲೇ ನಿರ್ಧರಿಸಿವೆ. ಸರ್ಟಿಫಿಕೇಟ್ ಕೊಡುವ ಮುನ್ನ ಲೆಟ್ಸ್ ಎನ್‌ಕ್ರಿಪ್ಟ್‌ನವರು ಸಾಮಾನ್ಯವಾಗಿ 80ನೇ ಪೋರ್ಟಿಗೆ ಬಂದು ಪರೀಕ್ಷೆ ಮಾಡುತ್ತಾರೆ. ನಿಮ್ಮ ಇಂಟರ್ನೆಟ್ ಕಂಪನಿ 80 ಮುಚ್ಚಿದ್ದರೆ ಡಿಎನ್‌ಎಸ್‌ನಲ್ಲಿ, ಅಂದರೆ ಯಾವ ಹೆಸರಿಗೆ ಯಾವ ಐಪಿ ಎಂದು ಹೇಳುವ ಪಟ್ಟಿಯಲ್ಲಿ, ಒಂದು ದಾಖಲೆ ಇಟ್ಟು ತೋರಿಸುವ ದಾರಿಯೂ ಇದೆ.

ಡಿವಿಆರ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಸ್ವಲ್ಪ ಗಟ್ಟಿ. ಅದನ್ನು ಪ್ರಾಕ್ಸಿ ಹಿಂದೆಯೂ ಇಡಬೇಡಿ, ಇಂಟರ್ನೆಟ್ಟಿನಿಂದ ಪೂರ್ತಿ ಕಿತ್ತುಬಿಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಕಾರ್ಖಾನೆಯ ಪಾಸ್‌ವರ್ಡಿನಲ್ಲೇ ಹೊಕ್ಕು ಆಳುಮಾಡಿಕೊಂಡಿತು. ಆ ಅಕ್ಟೋಬರಿನಲ್ಲಿ ಅಮೆರಿಕದ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದು ಟ್ವಿಟರ್‌ನಂಥ ಸೈಟುಗಳನ್ನೇ ಗಂಟೆಗಟ್ಟಲೆ ಮಲಗಿಸಿತು. ತೋಟದ ಕ್ಯಾಮೆರಾ ಊರಿಂದಾಚೆ ನೋಡಲೇಬೇಕೆಂದರೆ ಫೋನಿಗೆ ವೈರ್‌ಗಾರ್ಡ್ (ಎರಡು ಯಂತ್ರಗಳ ನಡುವಿನ ಗುಪ್ತ ಸುರಂಗ, ವಿಪಿಎನ್) ಹಾಕಿಕೊಡುತ್ತೇನೆ. ದೂರದಿಂದ ಯಂತ್ರಕ್ಕೆ ಆಜ್ಞೆ ಕೊಡುವ ಎಸ್‌ಎಸ್‌ಎಚ್, ಡೇಟಾಬೇಸ್‌ಗಳಿಗೂ ಅದೇ ದಾರಿ. ಎಸ್‌ಎಸ್‌ಎಚ್‌ನಲ್ಲಿ ಹೋಸ್ಟ್ ಸಾಲು ಎಂಬುದೇ ಇಲ್ಲ, ಹೆಸರು ನೋಡಿ ಹಂಚಲು ರೈಟರ್‌ಗೆ ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹೊರಗಿನಿಂದ ಏನೂ ತೆರೆಯುತ್ತಿಲ್ಲವೇ? ರೌಟರ್‌ನ ವ್ಯಾನ್ ಐಪಿ, ಅಂದರೆ ಅದರ ಹೊರಗಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿನದಾಗಿದ್ದರೆ ಅಥವಾ 10ರಿಂದ ಶುರುವಾಗುತ್ತಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುತ್ತಿದೆ. ಏಷ್ಯಾ-ಪೆಸಿಫಿಕ್ ಭಾಗದ ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸಗಳ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು, 2012ರಲ್ಲಿ ಇಂಥ ಹಂಚಿಕೆಗೆಂದೇ ಆ 100.64ರ ಸರಣಿಯನ್ನು ಮೀಸಲಿಟ್ಟರು. ಇಲ್ಲಿ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಎಷ್ಟು ಒದ್ದಾಡಿದರೂ ಕೋರಿಕೆ ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ಒಂದೋ ದುಡ್ಡು ಕೊಟ್ಟು ನಿಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ತಗೊಳ್ಳಿ. ಇಲ್ಲವೇ ಒಳಗಿನಿಂದ ಹೊರಕ್ಕೆ ಸುರಂಗ ತೋಡಿ: ಒಂದು ಸಣ್ಣ ಬಾಡಿಗೆ ಸರ್ವರ್ ತಗೊಂಡು ತೋಟದ ಯಂತ್ರವೇ ವೈರ್‌ಗಾರ್ಡ್ ಮೂಲಕ ಅಲ್ಲಿಗೆ ಹೋಗಿ ಕೂರಲಿ, ಬಂದವರನ್ನು ಬಾಡಿಗೆ ಸರ್ವರ್‌ನ 443 ಬರಮಾಡಿಕೊಳ್ಳಲಿ. ಕ್ಲೌಡ್‌ಫ್ಲೇರ್‌ನ ಟನಲ್ ಕೂಡ ಇದನ್ನೇ ಮಾಡುತ್ತದೆ. ಒಳಬರುವ ಒಂದೂ ಪೋರ್ಟ್ ತೆರೆಯಬೇಕಿಲ್ಲ.

ಬಾಡಿಗೆ ಸರ್ವರ್‌ಗೆ ಹೇಗೂ ದುಡ್ಡು ಕೊಟ್ಟಮೇಲೆ ಸೈಟನ್ನೇ ಅಲ್ಲಿಡಬಾರದೇಕೆ? ಇಡಿ, ಅದೇ ಸರಿ. ಆಷಾಢದ ಮಳೆಗೆ ಸಿಲ್ವರ್ ಓಕ್ ಮುರಿದು ಕರೆಂಟ್ ತಂತಿ, ಫೈಬರ್ ಎರಡರ ಮೇಲೂ ಬಿದ್ದರೆ ಯುಪಿಎಸ್ ಎಷ್ಟು ಹೊತ್ತು ಕಾಯುತ್ತದೆ? ಮಳೆ ನೋಡಲೆಂದೇ ಬರುವ ಅತಿಥಿಗಳು ಬುಕ್ ಮಾಡುವ ದಿನಗಳಲ್ಲೇ ಸೈಟು ಮಲಗಿರುತ್ತದೆ. ಹೋಮ್‌ಸ್ಟೇ ಮತ್ತು ಅಂಗಡಿ ಬಾಡಿಗೆ ಸರ್ವರ್‌ನಲ್ಲಿರಲಿ. ತೋಟದಲ್ಲೇ ಬಳಸುವ ಹಾಜರಿ ಲೆಕ್ಕ ತೋಟದ ಯಂತ್ರದಲ್ಲೇ ಇರಲಿ, ಲೈನ್ ಹೋದರೂ ಶನಿವಾರದ ಬಟವಾಡೆ ನಿಲ್ಲುವುದಿಲ್ಲ. ಬಾಡಿಗೆ ಸರ್ವರ್‌ಗೂ ಸಿಗುವುದು ಒಂದೇ ಐಪಿ, ಆದ್ದರಿಂದ ಮೇಲೆ ಹೇಳಿದ ಏರ್ಪಾಡು ಹಾಗೆಯೇ ಅಲ್ಲಿಗೆ ಹೋಗುತ್ತದೆ. ಪ್ರತಿ ಸೈಟಿಗೂ ಬೇರೆ ಬಳಕೆದಾರ, ಬೇರೆ ಡೇಟಾಬೇಸ್ ಪಾಸ್‌ವರ್ಡ್, ಮೆಮೊರಿಗೊಂದು ಮಿತಿ ಇಡಿ. ಅಂಗಡಿಯ ಹಳೇ ಪ್ಲಗಿನ್ನಿನಲ್ಲಿ ನುಗ್ಗಿದವನು ಹೋಮ್‌ಸ್ಟೇಗೂ ಕೈ ಹಾಕುವುದು ಎಲ್ಲವೂ ಒಂದೇ ಬಳಕೆದಾರನ ಹೆಸರಲ್ಲಿದ್ದಾಗ.

ಸ್ಥಳಾಂತರ ಮಾಡುವ ಹಿಂದಿನ ದಿನವೇ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ಐಪಿಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಅವಧಿ) 300 ಸೆಕೆಂಡಿಗೆ ಇಳಿಸಿ. ಹೊಸ ಸರ್ವರ್‌ನ ಐಪಿ ಹೊಡೆದು ಪರೀಕ್ಷಿಸಲು ಹೋದರೆ ನಿಮಗೆ ಸಿಗುವುದು ಆ ಖಾಲಿ ಡಿಫಾಲ್ಟ್ ಬ್ಲಾಕ್ ಮಾತ್ರ. ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ (ಡಿಎನ್‌ಎಸ್ ಕೇಳುವ ಮೊದಲು ಲ್ಯಾಪ್‌ಟಾಪು ನೋಡುವ ಸ್ವಂತ ಪಟ್ಟಿ) ಹೆಸರಿಗೆ ಮೊದಲು ಹೊಸ ಐಪಿ ಬರೆದು, ಹೆಸರಿನಿಂದಲೇ ತೆರೆದು, ಒಂದು ಸುಳ್ಳು ಬುಕಿಂಗ್ ಮಾಡಿ ನೋಡಿ. ಅಂಗಡಿಯ ಆರ್ಡರುಗಳು ಎರಡೂ ಕಡೆ ಚದುರದಂತೆ ಹಳೆಯ ಕಡೆ ಸ್ವಲ್ಪ ಹೊತ್ತು ಆರ್ಡರ್ ನಿಲ್ಲಿಸಿ, ಡೇಟಾಬೇಸ್ ಕೊನೆಯ ಬಾರಿ ನಕಲು ಮಾಡಿ, ಆಮೇಲೆ ಡಿಎನ್‌ಎಸ್ ಬದಲಿಸಿ. ಬದಲಿಸಿದ ಮೇಲೆ ಹೋಸ್ಟ್ಸ್ ಫೈಲಿನ ಆ ಸಾಲು ಅಳಿಸಿ, ಇಲ್ಲದಿದ್ದರೆ ಊರಿಗೆಲ್ಲ ಸೈಟು ಬಿದ್ದಿದ್ದರೂ ನಿಮಗೊಬ್ಬರಿಗೆ ಸರಿಯಾಗಿ ಕಾಣುತ್ತಿರುತ್ತದೆ. ಹಳೆಯ ಯಂತ್ರದ ಲಾಗ್‌ನಲ್ಲಿ ಹುಡುಕು ಬಾಟ್‌ಗಳನ್ನು ಬಿಟ್ಟರೆ ಬೇರಾರೂ ಕಾಣದಿದ್ದಾಗ ರೌಟರ್‌ನ ಫಾರ್ವರ್ಡಿಂಗ್ ಸಾಲುಗಳನ್ನು ಒಂದೊಂದಾಗಿ ತೆಗೆಯಿರಿ.