ಹತ್ತು ಡೋಸಿನ ವಯಲ್, ಇಪ್ಪತ್ಮೂರು ಜನರ ತಾಂಡಾ

ಕೊರೊನಾ ಲಸಿಕೆ ನೀಡಿಕೆ ದೇಶದಲ್ಲಿ ಶುರುವಾದದ್ದು 2021ರ ಜನವರಿ 16ರಂದು. ಮೊದಲು ಆರೋಗ್ಯ ಸಿಬ್ಬಂದಿ. ಮಾರ್ಚ್ 1ರಿಂದ 60 ದಾಟಿದವರು, ಬೇರೆ ಕಾಯಿಲೆಯಿದ್ದ 45 ದಾಟಿದವರು. ಮೇ 1ರಿಂದ 18 ತುಂಬಿದವರೆಲ್ಲ. ಸಾವಿನ ಅಪಾಯ ಹೆಚ್ಚಿದ್ದವರನ್ನು ಮುಂದೆ ನಿಲ್ಲಿಸಿದ ಈ ಸರದಿ ನ್ಯಾಯವಾದದ್ದೇ. ಆದರೆ ಯಾದಗಿರಿ ಕಡೆಯ ತಾಂಡಾಗಳಲ್ಲಿ ಈ ಸರದಿಗೆ ಎದುರಾದದ್ದು ವಯಲ್‌ನ, ಅಂದರೆ ಲಸಿಕೆ ತುಂಬಿದ ಪುಟ್ಟ ಶೀಶೆಯ, ಲೆಕ್ಕ.

ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ 5 ಮಿ.ಲೀ. ಅಂದರೆ 0.5 ಮಿ.ಲೀ.ನ 10 ಡೋಸ್. ಅದರಲ್ಲಿ ರೋಗಾಣು ಬೆಳೆಯದಂತೆ ತಡೆಯುವ ಸಂರಕ್ಷಕ ಇಲ್ಲ. ಹಾಗಾಗಿ ಒಮ್ಮೆ ಸೂಜಿ ಚುಚ್ಚಿದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ತಾಂಡಾದಲ್ಲಿ ಲಸಿಕೆಗೆ ಅರ್ಹರು 23 ಜನ ಎಂದುಕೊಳ್ಳಿ. ಮೂರು ವಯಲ್ ತೆರೆಯಬೇಕು, 7 ಡೋಸ್ ವ್ಯರ್ಥ. ಪೋಲು ಶೇ 23ಕ್ಕೂ ಹೆಚ್ಚು. ಹೋಬಳಿ ಕೇಂದ್ರದಲ್ಲಿ 230 ಜನ ಸಾಲಿನಲ್ಲಿದ್ದರೆ ಪೋಲು ಸೊನ್ನೆ. 2021ರ ಜೂನ್ 21ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ ಪೋಲು ಹೆಚ್ಚಾದಷ್ಟೂ ರಾಜ್ಯಕ್ಕೆ ಸಿಗುವ ಲಸಿಕೆಯ ಪಾಲಿಗೆ ಪೆಟ್ಟು ಬೀಳುತ್ತಿತ್ತು. ಇಂಥ ಒತ್ತಡದಲ್ಲಿ ಕೊನೆಯ ಮೂವರಿಗಾಗಿ ಹೊಸ ವಯಲ್ ತೆರೆಯಲು ಸಿಬ್ಬಂದಿಯ ಕೈ ಹಿಂಜರಿದರೆ ತಪ್ಪು ಅವರದಲ್ಲ. ಎರಡೂ ಕಡೆಯ ಲೆಕ್ಕ ಕೂಡಿಸಿ ನೋಡಿ: 260 ಡೋಸ್‌ನಲ್ಲಿ ಹೋದದ್ದು ಏಳೇ, ಶೇ 3ಕ್ಕಿಂತ ಕಡಿಮೆ. ಪೋಲನ್ನು ಶಿಬಿರದ ಮಟ್ಟದಲ್ಲಿ ಅಳೆಯದೆ ತಾಲ್ಲೂಕಿನ ಮಟ್ಟದಲ್ಲಿ ಅಳೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ತಂಪು. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುವುದರಿಂದ ಎಲ್ಲರ ಭಯವೂ ಬಿಸಿಯದೇ. ಆದರೆ ಅತಿ ತಂಪೂ ಅಷ್ಟೇ ಕೆಡುಕು. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆ ಒಯ್ಯುವ ಪೆಟ್ಟಿಗೆಗೆ (ಕ್ಯಾರಿಯರ್) ತುಂಬಿದರೆ ಪಕ್ಕದ ವಯಲ್ ಹೆಪ್ಪುಗಟ್ಟಬಹುದು. ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಲವಣವಿದೆ. ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟುಗಟ್ಟುತ್ತವೆ, ಕರಗಿದ ಮೇಲೂ ಶಕ್ತಿ ಮರಳುವುದಿಲ್ಲ. ಅದಕ್ಕೇ ಪ್ಯಾಕನ್ನು ಮೇಜಿನ ಮೇಲಿಟ್ಟು, ಅದರ ಮೈ ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ, ಕ್ಯಾರಿಯರ್‌ನ ನಾಲ್ಕು ಗೋಡೆಗೂ ಒಂದೊಂದರಂತೆ ಇಡುತ್ತಾರೆ. ಬೇಸಿಗೆಯಲ್ಲಿ ಈ ಸದ್ದು ಬೇಗ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಕಾಯಬೇಕು. ಗಾಡಿ ಬಂದು ನಿಂತಿರುವಾಗ ತಪ್ಪುವ ಹೆಜ್ಜೆ ಇದೇ.

18ರಿಂದ 44ರವರಿಗೆ ಮೊದಮೊದಲು ಲಸಿಕೆ ನೋಂದಣಿಯ ಜಾಲತಾಣ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯುವುದು ಕಡ್ಡಾಯವಾಗಿತ್ತು. ಸ್ಮಾರ್ಟ್‌ಫೋನೂ ನೆಟ್‌ವರ್ಕೂ ಇದ್ದವರು ಮುಂದಾದರು. ಅಂಥ ಸಾಲು ಬಡವರನ್ನು ಹಿಂದೆ ತಳ್ಳುತ್ತದೆ, ಇದರಲ್ಲಿ ಅನುಮಾನವೇ ಬೇಡ.

ಮಾಡಬಹುದಾದದ್ದು ಇಷ್ಟು. ಆಶಾ ಕಾರ್ಯಕರ್ತೆ ಹಿಂದಿನ ಸಂಜೆಯೇ ಮನೆಮನೆಯ ಪಟ್ಟಿ ಮಾಡಬೇಕು. ಹೊಲಕ್ಕೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು ಹತ್ತು ಗಂಟೆಗೆ ಸಿಗುವುದಿಲ್ಲ. ಶಿಬಿರ ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ನಡೆಯಬೇಕು. ಒಂದು ವಯಲ್ ಮುಗಿದ ಮೇಲೇ ಮತ್ತೊಂದು. ತೆರೆದ ಗಂಟೆಯನ್ನು ಅದರ ಮೇಲೆಯೇ ಬರೆಯಬೇಕು. ಮುಂಬೈ, ಪುಣೆಗೆ ದುಡಿಯಲು ಹೋಗುವವರ ವಿಷಯದಲ್ಲಿ ಇನ್ನೊಂದು ತೊಡಕು: 2021ರ ಮೇನಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು ಹೆಚ್ಚಿಸಿ 12–16 ವಾರ ಮಾಡಲಾಯಿತು, ಎರಡನೇ ಡೋಸಿನ ಹೊತ್ತಿಗೆ ಅವರು ಊರಲ್ಲಿರದೆ ಹೋಗಬಹುದು. ನೋಂದಣಿ ಬೇರೆಯವರ ಫೋನಿನಲ್ಲಾಗಿದ್ದರೆ ಒಟಿಪಿ ಹೋಗುವುದೂ ಅಲ್ಲಿಗೇ. ಆದ್ದರಿಂದ ಮೊದಲ ಡೋಸಿನ ದಿನವೇ ಲಸಿಕೆಯ ಹೆಸರು, ತಾರೀಕು, ನೋಂದಾಯಿಸಿದ ನಂಬರು ಬರೆದ ಚೀಟಿಯನ್ನು ಅವರ ಕೈಗೆ ಕೊಟ್ಟು ಕಳಿಸಬೇಕು.