ಅಮೆರಿಕದಲ್ಲಿ ರೈಡ್‌ಶೇರ್ ಚಾಲಕರ ತೆರಿಗೆ: 1099-ಕೆಯಿಂದ ಶೆಡ್ಯೂಲ್ ಸಿವರೆಗೆ

ಈ ಟಿಪ್ಪಣಿ ಫೆಡರಲ್ ತೆರಿಗೆಗೆ ಮಾತ್ರ. ಅಂಕಿಗಳೆಲ್ಲ 2025ರ ಆದಾಯಕ್ಕೆ ಅನ್ವಯಿಸುವಂಥವು. ರಾಜ್ಯದ ಲೆಕ್ಕ ಬೇರೆ.

ಊಬರ್, ಲಿಫ್ಟ್ ಓಡಿಸುವವರು ತೆರಿಗೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ನೌಕರರಲ್ಲ, ಸ್ವಂತ ವ್ಯವಹಾರ ಮಾಡುವವರು. ಸಂಬಳದಲ್ಲಿ ಮುರಿದುಕೊಳ್ಳುವಂತೆ ಇಲ್ಲಿ ಯಾರೂ ತೆರಿಗೆ ಮುರಿದುಕೊಳ್ಳುವುದಿಲ್ಲ. ಲಾಭ ನಷ್ಟವನ್ನು ತೆರಿಗೆ ರಿಟರ್ನ್ ಜೊತೆ ಲಗತ್ತಿಸುವ ಶೆಡ್ಯೂಲ್ ಸಿ ಎಂಬ ಫಾರ್ಮಿನಲ್ಲಿ ತೋರಿಸಬೇಕು. ನಿವ್ವಳ ಲಾಭದ ಶೇ. 92.35 ಭಾಗ 400 ಡಾಲರ್ ಮುಟ್ಟಿದರೆ ಸ್ವಯಂ ಉದ್ಯೋಗ ತೆರಿಗೆಯ ಫಾರ್ಮಾದ ಶೆಡ್ಯೂಲ್ ಎಸ್‌ಇ ಕೂಡ ತುಂಬಬೇಕು.

ಹೊಸಬರು ಮೊದಲು ಎಡವುವುದು 1099-ಕೆಯಲ್ಲಿ, ಅಂದರೆ ವರ್ಷದ ಗಳಿಕೆ ತೋರಿಸಿ ಕಂಪನಿ ಕಳಿಸುವ ಫಾರ್ಮಿನಲ್ಲಿ. ಅದರಲ್ಲಿರುವುದು ಪ್ರಯಾಣಿಕರು ಕೊಟ್ಟ ಪೂರ್ತಿ ಹಣ; ಬ್ಯಾಂಕಿಗೆ ಬಂದದ್ದು ಕಂಪನಿಯ ಕಮಿಷನ್ ಕಳೆದ ಮೇಲಿನದು. ಬ್ಯಾಂಕಿನ ಮೊತ್ತವನ್ನೇ ಬರೆದರೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಬಳಿಯಿರುವ ಅಂಕಿಗೆ ತಾಳೆಯಾಗದೆ ನೋಟಿಸ್ ಬರಬಹುದು. ಪೂರ್ತಿ ಮೊತ್ತವನ್ನು ಶೆಡ್ಯೂಲ್ ಸಿಯ 1ನೇ ಸಾಲಿನಲ್ಲಿ ತೋರಿಸಿ, ಕಮಿಷನ್ ಮತ್ತು ಶುಲ್ಕವನ್ನು 10ನೇ ಸಾಲಿನಲ್ಲಿ ಕಳೆಯಿರಿ. ಫಾರ್ಮ್ ಬರಲಿಲ್ಲವೆಂದು ಆದಾಯ ತೋರಿಸದೆ ಬಿಡುವಂತಿಲ್ಲ.

ಹಣ ಉಳಿಯುವುದು ಕಾರಿನ ಖರ್ಚಿನಲ್ಲಿ. ದಾರಿ ಎರಡು: ಮೈಲಿಗೆ 70 ಸೆಂಟ್‌ನ ಸ್ಟ್ಯಾಂಡರ್ಡ್ ದರ, ಇಲ್ಲವೇ ಪೆಟ್ರೋಲ್, ಇನ್ಶೂರೆನ್ಸ್, ರಿಪೇರಿ, ಸವಕಳಿ ಎಲ್ಲ ಸೇರಿಸಿ ಅದರಲ್ಲಿ ವ್ಯವಹಾರದ ಪಾಲು. ಸ್ಟ್ಯಾಂಡರ್ಡ್ ದರ ಹಿಡಿದರೆ ಪೆಟ್ರೋಲ್, ಟೈರು, ಆಯಿಲ್ ಅದರಲ್ಲೇ ಬಂತು, ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಟೋಲ್, ಪಾರ್ಕಿಂಗ್ ಬೇರೆಯಾಗಿ ಸಿಗುತ್ತವೆ. ಸ್ವಂತ ಕಾರಿಗೆ ಈ ದರ ಬೇಕಿದ್ದರೆ ಅದನ್ನು ವ್ಯವಹಾರಕ್ಕೆ ಇಳಿಸಿದ ಮೊದಲ ವರ್ಷವೇ ಆರಿಸಬೇಕು. ಆಮೇಲೆ ಬೇಕಾದರೆ ನಿಜ ಖರ್ಚಿನ ದಾರಿಗೆ ಬರಬಹುದು. ಲೀಸ್ ಕಾರಾದರೆ ಲೀಸ್ ಮುಗಿಯುವವರೆಗೂ ಅದೇ ದರ. ದಿನವಿಡೀ ಓಡುವ, ಅಗ್ಗದ ಹಳೆ ಕಾರಿಗೆ ಸ್ಟ್ಯಾಂಡರ್ಡ್ ದರವೇ ಬಹುಪಾಲು ಲಾಭ.

ಯಾವ ಮೈಲಿ ಲೆಕ್ಕಕ್ಕೆ? ಪ್ರಯಾಣಿಕರಿದ್ದಾಗ ಓಡಿದ್ದು, ಅವರನ್ನು ಹತ್ತಿಸಿಕೊಳ್ಳಲು ಹೋದದ್ದು, ಆ್ಯಪ್ ಆನ್ ಇಟ್ಟು ಮುಂದಿನ ಟ್ರಿಪ್‌ಗಾಗಿ ಸುತ್ತಿದ್ದು. ಆ್ಯಪ್ ಆಫ್ ಮಾಡಿ ಮನೆಗೆ ಹೊರಟರೆ ಅದು ವೈಯಕ್ತಿಕ ಓಡಾಟ. ಕಂಪನಿ ವರ್ಷದ ಕೊನೆಗೆ ಕೊಡುವ ಪಟ್ಟಿಯಲ್ಲಿ ಖಾಲಿ ಓಡಿದ ಮೈಲಿಗಳು ಪೂರ್ತಿ ಇರುತ್ತವೆಂಬ ಖಾತ್ರಿಯಿಲ್ಲ, ಹಾಗಾಗಿ ಲಾಗ್ ನಿಮ್ಮದೇ ಇರಲಿ. ಒಂದು ನಮೂದು ಹೀಗಿರಬಹುದು: “ಮಾರ್ಚ್ 14, ಓಡೋಮೀಟರ್ 61,240ರಿಂದ 61,388, ರೈಡ್‌ಶೇರ್ 137, ವೈಯಕ್ತಿಕ 11.” ಅಂದಂದೇ ಬರೆಯಬೇಕು. ಶೆಡ್ಯೂಲ್ ಸಿಯ 47ನೇ ಸಾಲು ಪುರಾವೆ ಇದೆಯೇ, ಅದು ಬರವಣಿಗೆಯಲ್ಲಿದೆಯೇ ಎಂದು ನೇರವಾಗಿ ಕೇಳುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. 1099-ಕೆ 42,000 ಡಾಲರ್, ಕಮಿಷನ್ 11,000, 24,000 ಮೈಲಿಗೆ 16,800, ಟೋಲ್ 600, ಫೋನ್ ಬಿಲ್ಲಿನಲ್ಲಿ ವ್ಯವಹಾರದ ಪಾಲು 600. ಉಳಿದದ್ದು 13,000. ಅವಿವಾಹಿತರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ, 15,750. ಬೇರೆ ಆದಾಯ ಇಲ್ಲದಿದ್ದರೆ ಆದಾಯ ತೆರಿಗೆ ಸೊನ್ನೆ. ಅಲ್ಲಿಗೆ ಮುಗಿಯಿತು ಅಂದುಕೊಂಡವರಿಗೆ ಏಪ್ರಿಲ್‌ನಲ್ಲಿ ಪೆಟ್ಟು ಬೀಳುತ್ತದೆ. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್‌ಗೆ (ಹಿರಿಯರ ಆರೋಗ್ಯ ವಿಮೆ) ಹೋಗುವ ಸ್ವಯಂ ಉದ್ಯೋಗ ತೆರಿಗೆಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಲೆಕ್ಕಕ್ಕಿಲ್ಲ: 13,000ದ ಶೇ. 92.35 ಅಂದರೆ 12,005.50, ಅದರ ಶೇ. 15.3 ಸುಮಾರು 1,837 ಡಾಲರ್. ಇದರ ಅರ್ಧವನ್ನು ಆದಾಯದಿಂದ ಕಳೆಯಬಹುದಾದರೂ ಈ ಉದಾಹರಣೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಲಾಗ್ ಇಲ್ಲದೆ 15,000 ಮೈಲಿಗಷ್ಟೇ ಪುರಾವೆ ಸಿಕ್ಕಿತೆನ್ನಿ: 6,300 ಡಾಲರ್ ಕಡಿತ ಕೈತಪ್ಪಿ, ಈ ತೆರಿಗೆಯೊಂದೇ ಸುಮಾರು 890 ಏರುತ್ತದೆ.

ವರ್ಷದ ಬಾಕಿ 1,000 ಡಾಲರ್ ಮುಟ್ಟುವಂತಿದ್ದರೆ ಮುಂಗಡ ತೆರಿಗೆಯ ಫಾರ್ಮಾದ 1040-ಇಎಸ್ ಮೂಲಕ ಕಂತು ಕಟ್ಟಬೇಕು: ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮುಂದಿನ ಜನವರಿ 15. ಮೊದಲೆರಡರ ನಡುವೆ ಎರಡೇ ತಿಂಗಳು, ಜೂನ್ ಕಂತನ್ನು ಮರೆಯುವವರು ಹೆಚ್ಚು. ಈ ವರ್ಷದ ತೆರಿಗೆಯ ಶೇ. 90 ಅಥವಾ ಹೋದ ವರ್ಷದ ಶೇ. 100, ಯಾವುದು ಕಡಿಮೆಯೋ ಅಷ್ಟನ್ನು ಗಡುವಿನೊಳಗೆ ಕಟ್ಟಿದ್ದರೆ ದಂಡವಿಲ್ಲ. ಹೋದ ವರ್ಷದ ಆದಾಯ 1,50,000 ಮೀರಿದ್ದರೆ ಆ ಶೇ. 100ರ ಬದಲು ಶೇ. 110. ಜೊತೆಗೆ ಸಂಬಳದ ಕೆಲಸವೂ ಇದ್ದರೆ ಅಲ್ಲಿ ಡಬ್ಲ್ಯು-4 (ಎಷ್ಟು ತೆರಿಗೆ ಮುರಿಯಬೇಕೆಂದು ಕೆಲಸ ಕೊಟ್ಟವರಿಗೆ ತಿಳಿಸುವ ಫಾರ್ಮ್) ಬದಲಿಸಿ ಹೆಚ್ಚು ಮುರಿಸಿಕೊಳ್ಳುವುದು ಸುಲಭ, ಕಂತಿನ ತಲೆನೋವು ಇರುವುದಿಲ್ಲ.

ಕಾರು ಮಾರುವಾಗ ಇನ್ನೊಂದು ಲೆಕ್ಕವಿದೆ. 70 ಸೆಂಟ್‌ನಲ್ಲಿ 33 ಸೆಂಟ್ ಸವಕಳಿಯೆಂದೇ ಪರಿಗಣನೆ. 24,000 ಮೈಲಿಗೆ 7,920 ಡಾಲರ್ ಕಾರಿನ ಕೊಂಡ ಬೆಲೆಯಿಂದ ಇಳಿಯುತ್ತದೆ. ಮಾರಿದ ಬೆಲೆ ಇಳಿದ ಬೆಲೆಗಿಂತ ಹೆಚ್ಚಿದ್ದರೆ ವ್ಯವಹಾರದ ಪಾಲಿನ ಲಾಭಕ್ಕೆ ತೆರಿಗೆ ಬೀಳುತ್ತದೆ. ಹಳೆಯ ಲಾಗ್‌ಗಳನ್ನು ಕಾರು ಕೈಬಿಡುವವರೆಗೂ ಎಸೆಯಬೇಡಿ.