ಮೂರನೇ ಕ್ಲಾಸಿಗೆ ಮುಗಿಯುವ ಏಣಿ

1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ಆ ತಾಲ್ಲೂಕಿನಲ್ಲಿ ಶುರುವಾದ ಆ ಪ್ರಯೋಗವೇ ನಲಿ-ಕಲಿ. ಒಂದು ಕೋಣೆ, ಒಬ್ಬ ಶಿಕ್ಷಕರು, ಎರಡು ಮೂರು ತರಗತಿಯ ಮಕ್ಕಳು: ಸಣ್ಣ ಹಳ್ಳಿಯ ಈ ಪಾಡಿಗೆ ಹೊಂದುವ ಉಪಾಯ ಅದು. ಗೋಡೆಯ ಮೇಲೆ ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ನೆಲದ ಮೇಲೆ ಗುಂಪುಗಳು, ತಲೆಯ ಮೇಲಿನ ಚಪ್ಪರಕ್ಕೆ ಮಕ್ಕಳೇ ಬರೆದ ಚಿತ್ರಗಳು. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂಬುದು ಮಗುವಿಗೇ ಗೊತ್ತಿರುತ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1, 2ನೇ ತರಗತಿಗೂ, ಆಮೇಲೆ 3ಕ್ಕೂ ಹಬ್ಬಿತು.

ಮೂರನೇ ತರಗತಿಯವರೆಗೆ ಪರಿಸರ ಅಧ್ಯಯನವೂ ಹಾಡು, ಕಾರ್ಡು, ಆಟ. ನಾಲ್ಕಕ್ಕೆ ಬಂದರೆ ಪಠ್ಯಪುಸ್ತಕ; ಆರಕ್ಕೆ ‘ವಿಜ್ಞಾನ’ ಎಂಬ ಬೇರೆ ವಿಷಯ, ಜೊತೆಗೆ ನೋಟ್ಸು, ಪ್ರಶ್ನೋತ್ತರ. ವಿಜ್ಞಾನಕ್ಕೆ ಅದರ ಹೆಸರು ಸಿಗುವ ಹೊತ್ತಿಗೆ ಆಟ ನಿಂತುಹೋಗಿರುತ್ತದೆ.

ಸಾಮಗ್ರಿ ಬರಲಿಲ್ಲವೆಂದಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲೇ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಕಿಟ್ ಸೇರಿತ್ತು. ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಯಾರು ಲೆಕ್ಕ ಕೊಡಬೇಕು? ಎಷ್ಟೋ ಕಡೆ ಬೀರುವಿನ ಬೀಗವೇ ತೆಗೆಯಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2020ರ ಶಿಕ್ಷಣ ನೀತಿ ಎರಡೂ ಮಾಡಿ ಕಲಿಯುವುದನ್ನು ಒತ್ತಿ ಹೇಳಿದವು.

ಆಟ ಎಂದು ಹೆಸರಿಟ್ಟದ್ದೆಲ್ಲ ಆಟವಲ್ಲ ಅನ್ನಿ. ಹಾವು-ಏಣಿ ಪಟದ ಮನೆಮನೆಗೂ ‘ಕಿರಣಗಳು ಎಷ್ಟು ಬಗೆ?’ ಥರದ ಪ್ರಶ್ನೆ ಅಂಟಿಸಿದರೆ ದಾಳ ಹಾಕಿ ಬರೆಯುವ ಕಿರುಪರೀಕ್ಷೆ ಆದೀತು, ಅಷ್ಟೆ. ಮೊಬೈಲ್ ಆ್ಯಪ್‌ಗಳಲ್ಲಿ ಬಹುಪಾಲು ಇದೇ ಜಾತಿಯವು. ವಿಜ್ಞಾನ ಆಟದ ನಿಯಮದಲ್ಲೇ ಕೂತಿರಬೇಕು.

ಹಕ್ಕಿಗಳು ಗೂಡು ಕಟ್ಟುವ ಊರು, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ಆಟವಾಗಿಸೋಣ. ಮಕ್ಕಳಿಗೆ ಒಂದೊಂದು ಪಾತ್ರ: ಒಬ್ಬಳು ಕೆರೆ, ಒಬ್ಬ ಮೀನು, ಒಬ್ಬಳು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ), ಒಬ್ಬ ಅದು ಗೂಡು ಕಟ್ಟುವ ಹುಣಸೆಮರ, ಮತ್ತೊಬ್ಬ ಹಿಕ್ಕೆಯನ್ನು ಗೊಬ್ಬರ ಮಾಡುವ ರೈತ. ಯಾರಿಗೆ ಯಾರು ಬೇಕೋ ಅವರ ನಡುವೆ ದಾರ ಹಾಯಿಸಿ ಬಿಗಿ ಹಿಡಿಯಬೇಕು. ಈಗ ‘ಕೆರೆ ಬತ್ತಿತು’ ಎಂದು ಆ ಹುಡುಗಿ ಕೈಬಿಡಲಿ. ಮೀನಿನ ದಾರ ಸಡಿಲ, ಅದರ ಹಿಂದೆಯೇ ಹೆಜ್ಜಾರ್ಲೆಯದು, ಕೊನೆಗೆ ಕೆರೆಗೂ ತನಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದ ರೈತನದೂ. ‘ನಂದ್ಯಾಕೆ ಸಡಿಲಾಯ್ತು ಮಿಸ್?’ ಎಂದು ಅವನು ಕೇಳಿದಲ್ಲಿಂದ ಪಾಠ ಶುರು.

ಇದಕ್ಕೆ ಒಂದು ಉಂಡೆ ದಾರ, ಒಂದಿಡೀ ಪೀರಿಯಡ್ ಬೇಕು. ಆದರೆ ಪ್ರಶ್ನೆಪತ್ರಿಕೆ ಕೇಳುವುದು ‘ಆಹಾರ ಜಾಲ ಎಂದರೇನು?’ ಎಂದು, ಅದಕ್ಕೆ ಎರಡು ಸಾಲು ಉರು ಹೊಡೆದರೆ ಸಾಕು, ಸಿಲಬಸ್ ಮುಗಿಸಬೇಕಾದ ಶಿಕ್ಷಕರು ಉರು ಹೊಡೆಸುತ್ತಾರೆ.